ಕೊರಿಯಾಕ್ಕೆ ಹೊರಟವರಿಗೆ: ಅಕ್ಷರದಿಂದ ಕಸದ ಚೀಲದವರೆಗೆ

ದಕ್ಷಿಣ ಕೊರಿಯಾದ ಸುವಾನ್ ನಗರದಲ್ಲಿ ನನ್ನ ಮೊದಲ ರಾತ್ರಿ. ಜನವರಿ ತಿಂಗಳು, ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಫಲಕ, ಅದರಲ್ಲಿ ಐದು ಗುಂಡಿ, ಒಂದೊಂದರ ಕೆಳಗೂ ಎರಡೆರಡು ಅಕ್ಷರ. ನೆಲ ಬೆಚ್ಚಗಾಗಬೇಕಾದರೆ ಇವುಗಳಲ್ಲಿ ಯಾವುದನ್ನೋ ಒತ್ತಬೇಕೆಂದು ಕೇಳಿ ತಿಳಿದಿದ್ದೆ. ಒಂದನ್ನು ಒತ್ತಿದೆ. ದೀಪ ಹತ್ತಿತು. ಕೆಲಸವಾಯಿತೆಂದು ಮಲಗಿದವನು ಬೆಳಗಿನ ತನಕ ಎರಡು ಸ್ವೆಟರಿನೊಳಗೆ ನಡುಗಿದೆ. ಮರುದಿನ ಸಹೋದ್ಯೋಗಿಯೊಬ್ಬ ಬಂದು ಫಲಕ ನೋಡಿ ನಕ್ಕುಬಿಟ್ಟ. ನಾನು ಒತ್ತಿದ್ದು ‘ವೆಚುಲ್’. ಮನೆಯವರು ಹೊರಗೆ ಹೋಗಿದ್ದಾರೆ, ಕೊಳವೆಯ ನೀರು ಹೆಪ್ಪುಗಟ್ಟದಷ್ಟು ಮಾತ್ರ ಕಾಯಿಸು ಎಂದು ಅದರ ಅರ್ಥ. ಒತ್ತಬೇಕಾಗಿದ್ದದ್ದು ಪಕ್ಕದ, ಕೋಣೆ ಕಾಯಿಸುವ ‘ನಾನ್‌ಬಾಂಗ್’.

ಆ ದೇಶದಲ್ಲಿ ವಿದೇಶಿಯ ಪಾಡು ಹೆಚ್ಚುಕಡಿಮೆ ಇಷ್ಟೇ. ಎಲ್ಲ ವ್ಯವಸ್ಥೆಯೂ ಅಚ್ಚುಕಟ್ಟಾಗಿದೆ, ಕೈಯಳತೆಯಲ್ಲೇ ಇದೆ, ಆದರೆ ಎರಡು ಅಕ್ಷರ ಓದಲು ಬಾರದಿದ್ದರೆ ರಾತ್ರಿಯಿಡೀ ನಡುಗಬೇಕು. ಐದು ವರ್ಷ ಅಲ್ಲಿದ್ದು ಕಲಿತದ್ದನ್ನು ಹೊರಡುವ ದಿನದಿಂದ ಹಿಂತಿರುಗುವ ದಿನದವರೆಗೆ ಅನುಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ವಾರದ ಪ್ರವಾಸಕ್ಕೆ ಹೋಗುವವರು ಬಾಡಿಗೆ ಮನೆಯ ಭಾಗವನ್ನು ಬಿಟ್ಟು ಓದಬಹುದು.

ಮೊದಲು ಅಕ್ಷರ ಕಲಿಯಿರಿ

ವೀಸಾಕ್ಕೂ ಮೊದಲು ಅಕ್ಷರದ ಮಾತೇಕೆ ಎಂದು ಅನ್ನಿಸಬಹುದು. ಮಿಕ್ಕೆಲ್ಲ ಸಲಹೆಗಳೂ ಇದರ ಮೇಲೆ ನಿಂತಿವೆ, ಅದಕ್ಕೇ. ಸೇಜಾಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಇಂದು ಮೂಲ ವ್ಯಂಜನಗಳು 14, ಮೂಲ ಸ್ವರಗಳು 10. ಚೀನೀ ಅಕ್ಷರಗಳ ಹಾಗೆ ಸಾವಿರಾರು ಚಿತ್ರಗಳನ್ನು ಉರುಹೊಡೆಯಬೇಕಾಗಿಲ್ಲ. ಕಾಗುಣಿತ ಬಲ್ಲ ಕನ್ನಡಿಗರಿಗಂತೂ ಇದು ಎರಡು ಸಂಜೆಯ ಕೆಲಸ.

ಚೌಕ ಕಂಡರೆ ಅದು ‘ಮ’. ಉದ್ದನೆಯ ಕಡ್ಡಿಯ ಬಲಕ್ಕೆ ಒಂದು ಗೀಟಿದ್ದರೆ ‘ಅ’, ಎರಡಿದ್ದರೆ ‘ಯ’. ನಮ್ಮಲ್ಲಿ ‘ದ’ದ ಹೊಟ್ಟೆ ಸೀಳಿ ‘ಧ’ ಮಾಡುವಂತೆ ಅವರೂ ಅಲ್ಪಪ್ರಾಣದ ಅಕ್ಷರಕ್ಕೆ ಇನ್ನೊಂದು ಗೀಟು ಸೇರಿಸಿ ಮಹಾಪ್ರಾಣ ಮಾಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಅವರ ಸೊನ್ನೆ. ಅಕ್ಷರದ ಆರಂಭದಲ್ಲಿದ್ದರೆ ಅದಕ್ಕೆ ಧ್ವನಿಯೇ ಇಲ್ಲ; ಕೆಳಗೆ ಕುಳಿತರೆ ನಮ್ಮ ‘ಅಂಗ’ದಲ್ಲಿರುವ ಅನುಸ್ವಾರ. ಗ, ಅ, ಅಡಿಯಲ್ಲೊಂದು ಸೊನ್ನೆ: ‘ಗಾಂಗ್’, ಅಂದರೆ ನದಿ. ರಾಜಧಾನಿ ಸೋಲ್ (ಸಿಯೋಲ್) ನಗರದ ನಡುವೆ ಹರಿಯುವ ಹಾನ್ ನದಿ ಅವರಿಗೆ ‘ಹಾನ್‌ಗಾಂಗ್’. ಒತ್ತಕ್ಷರವನ್ನು ಕೆಳಗೆ ಬರೆದು ರೂಢಿಯಾದ ಕಣ್ಣಿಗೆ ಈ ಜೋಡಣೆ ಹೊಸದೆನಿಸುವುದಿಲ್ಲ.

ವಾಕ್ಯದ ನಡಿಗೆಯೂ ನಮ್ಮದರಂತೆಯೇ. ‘ಮುಲ್ ಜುಸೆಯೊ’ ಎಂದರೆ ‘ನೀರು ಕೊಡಿ’, ಪದ ಇದ್ದಲ್ಲೇ ಇದೆ. ‘ಪ್ಪೆ ಜುಸೆಯೊ’ ಎಂದರೆ ‘ತೆಗೆದು ಕೊಡಿ’. ವಿಭಕ್ತಿ ಪ್ರತ್ಯಯ ಪದದ ಬಾಲಕ್ಕೇ ಹತ್ತುತ್ತದೆ, ಕ್ರಿಯಾಪದ ಕೊನೆಯಲ್ಲೇ ಬರುತ್ತದೆ, ಹಿರಿಯರಿಗೊಂದು ರೂಪ ಕಿರಿಯರಿಗೊಂದು ರೂಪ. ಇಂಗ್ಲಿಷಿನಲ್ಲಿ ಯೋಚಿಸಿ ಕೊರಿಯನ್ ಕಲಿಯಲು ಹೋದ ನನ್ನ ಗೆಳೆಯರು ಒದ್ದಾಡುತ್ತಿದ್ದರು. ಕನ್ನಡದಲ್ಲಿ ಯೋಚಿಸಿ, ಅರ್ಧ ಶ್ರಮ ಉಳಿಯುತ್ತದೆ. ತಂದೆಗೆ ‘ಅಪ್ಪಾ’ ಎನ್ನುವುದು ಮಾತ್ರ ಕಾಕತಾಳೀಯ. ಅದನ್ನು ಹಿಡಿದು ದ್ರಾವಿಡ ಸಂಬಂಧ ಕಟ್ಟುವವರ ಮಾತನ್ನು ನಾನು ನೆಚ್ಚುವುದಿಲ್ಲ.

ಕಾಗದಪತ್ರ, ಪೆಟ್ಟಿಗೆ

ಭಾರತೀಯ ಪಾಸ್‌ಪೋರ್ಟ್ ಇದ್ದವರು ಹೊರಡುವ ಮೊದಲೇ ವೀಸಾ ಪಡೆಯಬೇಕು. ‘ಕೆ-ಇಟಿಎ’ ಎಂಬ ಅಂತರ್ಜಾಲದ ಅನುಮತಿ ವೀಸಾ ವಿನಾಯಿತಿ ಇರುವ ದೇಶದವರಿಗಾಗಿ ಇರುವಂಥದ್ದು. ಅಮೆರಿಕ, ಬ್ರಿಟನ್ ಪಾಸ್‌ಪೋರ್ಟಿನ ಕನ್ನಡಿಗರು ತಮ್ಮ ದೇಶದ ನಿಯಮ ನೋಡಿಕೊಳ್ಳಲಿ, ಮಿಕ್ಕವರು ಅದಕ್ಕೆ ಹಣ ಕಟ್ಟಿ ಮೋಸಹೋಗಬಾರದು. 2025ರಿಂದ ಆಗಮನ ಪತ್ರವನ್ನು ಅಂತರ್ಜಾಲದಲ್ಲೇ ತುಂಬುವ ವ್ಯವಸ್ಥೆ ಬಂದಿದೆ. ತಲುಪುವುದಕ್ಕೆ ಮೂರು ದಿನ ಮುಂಚಿನಿಂದ ತುಂಬಬಹುದು, ಬಿಡಿಗಾಸೂ ಬೇಕಿಲ್ಲ. ಶುಲ್ಕ ಕೇಳಿದ ತಾಣ ನಕಲಿ ಎಂದೇ ತಿಳಿಯಿರಿ.

ಪೆಟ್ಟಿಗೆಯಲ್ಲಿ ಮಾಂಸದ ಪದಾರ್ಥ, ತಾಜಾ ಹಣ್ಣು, ಬಿತ್ತನೆ ಬೀಜ, ಗಿಡ ಬೇಡ. ಅಮ್ಮ ಕಟ್ಟಿಕೊಟ್ಟ ಮಾವಿನಹಣ್ಣು ವಿಮಾನ ನಿಲ್ದಾಣದ ತೊಟ್ಟಿಗೆ ಹೋಗುವುದನ್ನು ನೋಡುವುದಕ್ಕಿಂತ ಮನೆಯಲ್ಲೇ ತಿಂದು ಹೊರಡುವುದು ಮೇಲು. ಕೋಡೀನ್ ಇರುವ ಕೆಮ್ಮಿನ ಔಷಧಿ, ಮಾದಕವಸ್ತು ಪಟ್ಟಿಯ ನೋವಿನ ಮಾತ್ರೆಗಳ ವಿಷಯದಲ್ಲಿ ಆ ದೇಶ ಬಹಳ ಬಿಗಿ, ಮುಂಗಡ ಅನುಮತಿ ಇಲ್ಲದೆ ಒಯ್ಯಬೇಡಿ. ದಿನನಿತ್ಯದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ವೈದ್ಯರ ಇಂಗ್ಲಿಷ್ ಚೀಟಿ ಜೊತೆಗಿರಲಿ.

ವಿದ್ಯುತ್ 220 ವೋಲ್ಟ್, ನಮ್ಮ ಮೊಬೈಲ್ ಚಾರ್ಜರಿನ ಎರಡು ಕಡ್ಡಿಯ ಪ್ಲಗ್ ನೇರವಾಗಿ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ ಕೂರುವುದಿಲ್ಲ, ಅದಕ್ಕೊಂದು ಅಡಾಪ್ಟರ್ ಬೇಕು. ಗಡಿಯಾರವನ್ನು ಮೂರೂವರೆ ಗಂಟೆ ಮುಂದಿಡಿ.

ಯಾವಾಗ ಹೋಗಬೇಕು? ಏಪ್ರಿಲ್ ಆರಂಭದಲ್ಲಿ ಸೋಲ್‌ನಲ್ಲಿ ಚೆರ್ರಿ ಹೂ, ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಕೆಂಪೇರಿದ ಎಲೆ. ನನ್ನ ಮತ ಎರಡನೆಯದಕ್ಕೆ, ವಸಂತದಲ್ಲಿ ಕಾಡುವ ಸೂಕ್ಷ್ಮ ದೂಳು ಆಗ ಕಡಿಮೆ. ಜೂನ್ ಕೊನೆಯಿಂದ ಜುಲೈವರೆಗೆ ಅವರ ಮಳೆಗಾಲ. ಮಲೆನಾಡಿನವರಿಗೆ ಆ ಮಳೆ ಲೆಕ್ಕಕ್ಕಿಲ್ಲ, ಸೆಕೆ ಮಾತ್ರ ಮಂಗಳೂರಿನದೇ. ಚಾಂದ್ರಮಾನದ ಹೊಸವರ್ಷ ಸೊಲ್ಲಾಲ್ ಮತ್ತು ಶರತ್ಕಾಲದ ಚುಸೊಕ್ ಹಬ್ಬಗಳ ದಿನಾಂಕ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಆ ದಿನಗಳಲ್ಲಿ ದೇಶಕ್ಕೆ ದೇಶವೇ ಊರಿಗೆ ಹೊರಟಿರುತ್ತದೆ. ರೈಲು ತುಂಬಿರುತ್ತದೆ, ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ವಿಮಾನ ಇಳಿದ ಮೊದಲ ಗಂಟೆ

ಇಂಚಿಯಾನ್ ನಿಲ್ದಾಣದಲ್ಲಿ ಮಾಡಬೇಕಾದ ಕೆಲಸ ಮೂರು. ಒಂದು, ಮೊಬೈಲ್ ಸಂಪರ್ಕ: ಇ-ಸಿಮ್ ಮೊದಲೇ ಹಾಕಿಕೊಂಡಿಲ್ಲದಿದ್ದರೆ ಅಲ್ಲೇ ಸಿಮ್ ಖರೀದಿಸಿ, ಸಾಧ್ಯವಾದರೆ ಡೇಟಾ ಜೊತೆ ಕರೆಯ ಸಂಖ್ಯೆಯೂ ಇರಲಿ. ಎರಡು, ಸ್ವಲ್ಪ ನಗದು. ಮೂರು, ಟಿ-ಮನಿ ಕಾರ್ಡ್.

ಟಿ-ಮನಿ ಅಂಗಡಿಗಳಲ್ಲಿ ಸಿಗುವ ಪ್ರಯಾಣದ ಕಾರ್ಡ್. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ, ಗಲ್ಲಿಗೊಂದರಂತೆ ಇರುವ ಸಣ್ಣ ಅಂಗಡಿಗಳಿಗೆ ಅಲ್ಲಿ ‘ಪ್ಯೊನಿಜೊಮ್’ ಎನ್ನುತ್ತಾರೆ. ಆ ಪದ ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ. ಕಾರ್ಡ್ ಕೊಂಡು ಹಣ ತುಂಬಿಸಿ. ತುಂಬಿಸಲು ಸಾಮಾನ್ಯವಾಗಿ ನಗದೇ ಬೇಕು. ಎಲ್ಲೆಡೆ ಕ್ರೆಡಿಟ್ ಕಾರ್ಡ್ ಉಜ್ಜುವ ದೇಶದಲ್ಲಿ ವಿದೇಶಿ ಮೊದಲು ಎಡವುವುದು ಇಲ್ಲಿ.

ನಿಲ್ದಾಣದಿಂದ ಸೋಲ್‌ಗೆ ಏರೆಕ್ಸ್ ಎಂಬ ರೈಲು ಎರಡು ಬಗೆ. ನೇರ ರೈಲು ಒಂದನೇ ಟರ್ಮಿನಲ್‌ನಿಂದ 43 ನಿಮಿಷದಲ್ಲಿ ಸೋಲ್ ಸ್ಟೇಷನ್ ಸೇರುತ್ತದೆ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವುದಕ್ಕೆ ಸುಮಾರು ಒಂದು ಗಂಟೆ, ದರವೋ ಅರ್ಧಕ್ಕಿಂತ ಕಡಿಮೆ. ಹದಿನೈದು ನಿಮಿಷಕ್ಕೆ ಅಷ್ಟು ದುಡ್ಡು ಏಕೆ? ಟಿ-ಮನಿ ಮುಟ್ಟಿಸಿ ಎರಡನೆಯದನ್ನೇ ಹತ್ತಿ. ಮಕ್ಕಳು, ದೊಡ್ಡ ಪೆಟ್ಟಿಗೆಗಳು ಇದ್ದರೆ ಮಾತ್ರ ಹೋಟೆಲಿನ ಹತ್ತಿರಕ್ಕೇ ಹೋಗುವ ವಿಮಾನ ನಿಲ್ದಾಣದ ಬಸ್ಸು ಸುಖ.

ದಾರಿ ಹುಡುಕುವುದು

ಗೂಗಲ್ ನಕ್ಷೆಯನ್ನು ಅಲ್ಲಿ ನೆಚ್ಚಬೇಡಿ. ಭದ್ರತೆಯ ಕಾರಣ ಕೊಟ್ಟು ಕೊರಿಯಾ ಸರ್ಕಾರ ತನ್ನ ಸೂಕ್ಷ್ಮ ನಕ್ಷೆಗಳ ದತ್ತಾಂಶವನ್ನು ದೇಶದಾಚೆ ಒಯ್ಯಲು ವರ್ಷಗಟ್ಟಲೆ ಬಿಟ್ಟಿರಲಿಲ್ಲ. ಹಾಗಾಗಿ ನಡೆದು ಹೋಗುವ ದಾರಿ ಕೇಳಿದರೆ ಅದು ಕೈಕೊಡುತ್ತಿತ್ತು. ಅಲ್ಲಿಯವರೆಲ್ಲ ಬಳಸುವುದು ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್. ನೇವರ್‌ಗೆ ಇಂಗ್ಲಿಷ್ ರೂಪ ಇದೆ. ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದಾಗ ಸಿಗದಿದ್ದರೆ ಕೊರಿಯನ್ ಹೆಸರನ್ನು ನಕಲು ಮಾಡಿ ಅಂಟಿಸಿ, ಇಲ್ಲವೇ ಆ ಜಾಗದ ಫೋನ್ ಸಂಖ್ಯೆ ಹಾಕಿ. ಟ್ಯಾಕ್ಸಿ ಚಾಲಕರೂ ಫೋನ್ ಸಂಖ್ಯೆ ಒತ್ತಿಯೇ ದಾರಿ ಹಿಡಿಯುವುದುಂಟು.

ಮೆಟ್ರೊ ನಿಲ್ದಾಣಗಳಿಗೆ ಹತ್ತಾರು ದ್ವಾರಗಳಿರುತ್ತವೆ, ಪ್ರತಿಯೊಂದಕ್ಕೂ ಸಂಖ್ಯೆ. ‘ಚುಲ್ಗು’ ಎಂದರೆ ಹೊರದ್ವಾರ. ಯಾರಾದರೂ ಭೇಟಿಗೆ ಕರೆದರೆ ನಿಲ್ದಾಣದ ಹೆಸರಿನ ಜೊತೆ ಚುಲ್ಗು ಸಂಖ್ಯೆ ಕೇಳಿಕೊಳ್ಳಿ. ಮೂರರ ಬದಲು ಏಳರಲ್ಲಿ ಮೇಲೆ ಬಂದರೆ ಎಂಟು ಪಥದ ರಸ್ತೆಯ ಆಚೆ ದಡದಲ್ಲಿ ನಿಂತಿರುತ್ತೀರಿ. ಕಟ್ಟಡಗಳಲ್ಲಿ ನೆಲಮಹಡಿಯೇ ಒಂದನೇ ಮಹಡಿ, ಎರಡು ಎಂದರೆ ನಮ್ಮ ಒಂದು. ನಾಲ್ಕರ ಉಚ್ಚಾರ ಸಾವು ಎಂಬ ಪದದ ಉಚ್ಚಾರದಂತೆಯೇ ಇರುವುದರಿಂದ ಕೆಲವು ಲಿಫ್ಟುಗಳಲ್ಲಿ ನಾಲ್ಕರ ಗುಂಡಿಯ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ ಇರುತ್ತದೆ.

ಬಸ್ಸು, ಮೆಟ್ರೊ, ರೈಲು

ಬಸ್ಸಿಗೆ ಮುಂದಿನ ಬಾಗಿಲಲ್ಲಿ ಹತ್ತಿ ಹಿಂದಿನ ಬಾಗಿಲಲ್ಲಿ ಇಳಿಯಬೇಕು. ಕಾರ್ಡನ್ನು ಹತ್ತುವಾಗ ಮುಟ್ಟಿಸಿದಂತೆಯೇ ಇಳಿಯುವಾಗಲೂ ಮುಟ್ಟಿಸಬೇಕು. ಇಳಿದ ಮೂವತ್ತು ನಿಮಿಷದೊಳಗೆ ಇನ್ನೊಂದು ಬಸ್ಸನ್ನೋ ಮೆಟ್ರೊವನ್ನೋ ಹತ್ತಿದರೆ ಮೂಲದರ ಮತ್ತೆ ಕಟ್ಟಬೇಕಾಗಿಲ್ಲ. ಇಳಿಯುವಾಗ ಮುಟ್ಟಿಸದವರಿಗೆ ಈ ಲಾಭ ತಪ್ಪುತ್ತದೆ. ಸೋಲ್ ಮೆಟ್ರೊದ ಮೂಲದರ 2025ರ ಜೂನ್ ಕೊನೆಯಿಂದ 1,550 ವಾನ್ (ವಾನ್ ಅಲ್ಲಿಯ ಹಣ). ತಪ್ಪು ದಿಕ್ಕಿನ ಪ್ಲಾಟ್‌ಫಾರ್ಮಿಗೆ ಇಳಿದುಬಿಟ್ಟಿರಾ? ಹೊರಬಂದು ಹದಿನೈದು ನಿಮಿಷದೊಳಗೆ ಅದೇ ನಿಲ್ದಾಣದ ಅದೇ ಮಾರ್ಗಕ್ಕೆ ಮತ್ತೆ ಕಾರ್ಡ್ ಮುಟ್ಟಿಸಿ, ಹಣ ಕಡಿಯುವುದಿಲ್ಲ.

ಕೈಯಲ್ಲಿ ಕಾಫಿ ಲೋಟ ಹಿಡಿದು ಸೋಲ್‌ನ ಬಸ್ ಹತ್ತಲು ಹೋದರೆ 2018ರಿಂದೀಚೆಗೆ ಚಾಲಕ ತಡೆಯಬಹುದು. ಮೆಟ್ರೊ ಬೋಗಿಯ ತುದಿಗಳಲ್ಲಿ ಹಿರಿಯರ ಆಸನ, ನಡುವೆ ಗರ್ಭಿಣಿಯರ ಗುಲಾಬಿ ಆಸನ. ಖಾಲಿ ಇದ್ದರೂ ಕೂರಬೇಡಿ, ಬೋಗಿಯೇ ತುಂಬಿ ತುಳುಕುತ್ತಿದ್ದರೂ ಅಲ್ಲಿಯ ಯುವಕರು ಆ ತುದಿಯ ಆಸನ ಮುಟ್ಟುವುದಿಲ್ಲ. ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಎಲ್ಲರ ತಲೆಯೂ ತಿರುಗುತ್ತದೆ. ಮೆಟ್ರೊ ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ ಕೆಲವು ರಾತ್ರಿ ಬಸ್ಸು ಬಿಟ್ಟರೆ ಟ್ಯಾಕ್ಸಿಯೇ ಗತಿ. ಸೋಲ್‌ನಲ್ಲಿ ರಾತ್ರಿ ಹನ್ನೊಂದರಿಂದ ಎರಡರವರೆಗೆ ದರ ಶೇ 40 ಏರುತ್ತದೆ. ಕಾಕಾವೊ ಟಿ ಆ್ಯಪ್‌ನಿಂದ ಕರೆಸಬಹುದು, ಬೀದಿಯಲ್ಲಾದರೆ ಕೆಂಪು ಅಕ್ಷರದಲ್ಲಿ ‘ಬಿನ್‌ಚಾ’ ಎಂದು ಹೊಳೆಯುವುದು ಖಾಲಿ ಗಾಡಿ.

ಸೋಲ್‌ನಿಂದ ಬೂಸಾನ್‌ಗೆ ಕೆಟಿಎಕ್ಸ್ ವೇಗದ ರೈಲು ಎರಡೂವರೆ ಗಂಟೆ ಚಿಲ್ಲರೆ. ಟಿಕೆಟ್ ಒಂದು ತಿಂಗಳು ಮುಂಚೆ ತೆರೆಯುತ್ತದೆ. ನಿಲ್ದಾಣದಲ್ಲಿ ಗೇಟೂ ಇಲ್ಲ, ಟಿಕೆಟ್ ಕೇಳುವವರೂ ಕಾಣುವುದಿಲ್ಲ, ನೇರ ರೈಲಿಗೇ ನಡೆದುಹೋಗುತ್ತೀರಿ. ಒಳಗೆ ಸಿಬ್ಬಂದಿಯ ಕೈಯಲ್ಲಿರುವ ಯಂತ್ರ ಯಾವ ಆಸನ ಮಾರಾಟವಾಗಿದೆ ಎಂದು ತೋರಿಸುತ್ತಿರುತ್ತದೆ. ಮಾರಾಟವಾಗದ ಆಸನದಲ್ಲಿ ಕುಳಿತವರನ್ನು ಮಾತ್ರ ಮಾತಾಡಿಸುತ್ತಾರೆ. ಹೊರಡುವ ನಿಲ್ದಾಣ ಸೋಲ್ ಸ್ಟೇಷನ್ನೋ, ಯೋಂಗ್‌ಸಾನೋ, ಸುಸೊವೋ ಎಂದು ಎರಡು ಸಲ ನೋಡಿಕೊಳ್ಳಿ.

ಅರಮನೆ ನೋಡುವವರಿಗೆ ಒಂದೇ ಮಾತು: ಗ್ಯೊಂಗ್‌ಬೊಕ್‌ಗುಂಗ್‌ಗೆ ಮಂಗಳವಾರ ರಜೆ, ಚಾಂಗ್‌ದೊಕ್‌ಗುಂಗ್‌ಗೆ ಸೋಮವಾರ. ಅವರ ಸಾಂಪ್ರದಾಯಿಕ ಹಾನ್‌ಬೊಕ್ ಉಡುಗೆ ಬಾಡಿಗೆಗೆ ಪಡೆದು ಉಟ್ಟರೆ ಪ್ರವೇಶ ಉಚಿತ.

ಊಟ: ಸಸ್ಯಾಹಾರಿಯ ಸತ್ವಪರೀಕ್ಷೆ

ಮಾಂಸ, ಮೀನು ತಿನ್ನುವವರಿಗೆ ಕೊರಿಯಾ ಹಬ್ಬ. ಅವರು ತಿಳಿದಿರಬೇಕಾದದ್ದು ಇಷ್ಟೇ: ಮಾಂಸ ಸುಡುವ ಹೋಟೆಲುಗಳಲ್ಲಿ ಕನಿಷ್ಠ ಇಬ್ಬರ ಪಾಲು ಕೇಳಬೇಕಾಗುತ್ತದೆ, ಬಹಳ ಕಡೆ ಮಧ್ಯಾಹ್ನ ಮೂರರಿಂದ ಐದರವರೆಗೆ ಅಡುಗೆ ಮನೆ ಮುಚ್ಚಿರುತ್ತದೆ.

ಸಸ್ಯಾಹಾರಿಗಳು ಈ ಭಾಗವನ್ನು ಎರಡು ಸಲ ಓದಲಿ. ‘ಗೊಗಿ’ ಎಂದರೆ ಮಾಂಸ. ‘ಗೊಗಿ ಪ್ಪೆ ಜುಸೆಯೊ’, ಮಾಂಸ ತೆಗೆದು ಕೊಡಿ ಎಂದರೆ ಹೋಟೆಲಿನಾಕೆ ನಗುನಗುತ್ತ ಒಪ್ಪುತ್ತಾರೆ, ಹತ್ತು ನಿಮಿಷದಲ್ಲಿ ಸಿಗಡಿ ತೇಲುವ ಸಾರು ತಂದಿಡುತ್ತಾರೆ. ಮೋಸವೇನಲ್ಲ. ಅವರ ಮಾತಿನಲ್ಲಿ ಗೊಗಿ ಎಂದಾಗ ದನ, ಹಂದಿ, ಕೋಳಿ. ಕಡಲಿನದು ‘ಹೆಮುಲ್’, ಅದರ ಲೆಕ್ಕ ಬೇರೆ. ಹ್ಯಾಮ್, ಅಂದರೆ ಉಪ್ಪಿನಲ್ಲಿ ಹದಮಾಡಿದ ಹಂದಿಮಾಂಸ ಕೂಡ ಎಷ್ಟೋ ಸಲ ಗೊಗಿಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಪಟ್ಟಿ ಮಾಡಿ ಹೇಳಬೇಕು: ಗೊಗಿ, ಹೆಮುಲ್, ಹೆಮ್ (ಹ್ಯಾಮ್), ಬೇಡವಾದರೆ ಮೊಟ್ಟೆಗೆ ‘ಗ್ಯೆರಾನ್’. ಇಷ್ಟು ಹೇಳಿದ ಮೇಲೂ ಎರಡು ಕಾಣದ ವಸ್ತುಗಳು ಉಳಿಯುತ್ತವೆ. ಒಂದು ‘ಮ್ಯೊಲ್ಚಿ’, ಒಣಗಿದ ಸಣ್ಣ ಮೀನು. ನಾವು ಬೇಳೆಕಟ್ಟು ತೆಗೆದಂತೆ ಅವರು ಅದನ್ನು ಕುದಿಸಿ ಸಾರಿನ ತಳಹದಿ ಮಾಡುತ್ತಾರೆ, ಬೀದಿಬದಿಯಲ್ಲಿ ಮಾರುವ ಖಾರದ ಅಕ್ಕಿಕಡುಬು ತೊಕ್‌ಬೊಕ್ಕಿಯಲ್ಲೂ ಅದಿರುತ್ತದೆ. ಇನ್ನೊಂದು ‘ಎಕ್‌ಜೊತ್’, ಮೀನಿನ ಉಪ್ಪುರಸ. ಇದಿಲ್ಲದ, ಉಪ್ಪಿನ ಸಿಗಡಿಯೂ ಇಲ್ಲದ ಕಿಮ್ಚಿ (ಅವರ ಹುದುಗಿಸಿದ ಉಪ್ಪಿನಕಾಯಿ) ಅಪರೂಪ. ಎಲೆಕೋಸು, ಮೆಣಸಿನಪುಡಿ, ಬೆಳ್ಳುಳ್ಳಿ ಅಷ್ಟೇ ಎಂದುಕೊಂಡು ಮೊದಲ ಎಂಟು ತಿಂಗಳು ಕಿಮ್ಚಿ ತಿಂದ ಕಟ್ಟಾ ಸಸ್ಯಾಹಾರಿ ನಾನು. ತಿಳಿದ ದಿನ ಅಮ್ಮನಿಗೆ ಹೇಳಲಿಲ್ಲ.

ಹಾಗಾದರೆ ತಿನ್ನುವುದೇನು? ಅನ್ನದ ಮೇಲೆ ತರಕಾರಿ ಹಾಕಿ ಕೊಡುವ ಬಿಬಿಂಬಾಪ್ ಕೇಳಿ, ಗೊಗಿ ತೆಗೆಸಿ, ಜೊತೆಗೆ ಬರುವ ಕೆಂಪು ಮೆಣಸಿನ ಗೊಜ್ಜಿನಲ್ಲಿ ಕೊಚ್ಚಿದ ಮಾಂಸ ಹುರಿದು ಸೇರಿಸಿದ್ದಾರೆಯೇ ಎಂದು ವಿಚಾರಿಸಿ. ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಕಿಂಬಾಪ್ ಮಾರುವ ಅಂಗಡಿಯಲ್ಲಿ ಕಣ್ಣೆದುರೇ ಸುತ್ತಿಕೊಡುತ್ತಾರೆ, ಹ್ಯಾಮ್, ಏಡಿಮಾಂಸದ ಹೆಸರಿನ ಕಡ್ಡಿ, ಮೀನಿನ ಹಾಳೆ ಮೂರನ್ನೂ ಬೆರಳು ತೋರಿಸಿ ತೆಗೆಸಬಹುದು. ಬೇಸಿಗೆಯಲ್ಲಿ ಸಿಗುವ ಕೊಂಗುಕ್ಸು, ತಣ್ಣನೆಯ ಸೋಯಾ ಹಾಲಿನಲ್ಲಿ ಗೋಧಿಯ ಶಾವಿಗೆ, ನನ್ನ ಪಾಲಿನ ಅಮೃತ. ಚಳಿಗಾಲದ ಬೀದಿಯಲ್ಲಿ ಸುಟ್ಟ ಗೆಣಸು, ಕೆಂಪು ಬೀನ್ಸ್ ಕಾಳಿನ ಸಿಹಿ ಹೂರಣ ತುಂಬಿದ ಮೀನಿನಾಕಾರದ ಬುಂಗೊಪ್ಪಾಂಗ್. ಆಕಾರ ಮಾತ್ರ ಮೀನಿನದು, ಧೈರ್ಯವಾಗಿ ತಿನ್ನಿ.

ಮನಸ್ಸು ತುಂಬಿ ಉಣ್ಣಬೇಕೆಂದರೆ ಬೌದ್ಧ ದೇವಾಲಯದ ಊಟ, ‘ಸಾಚಾಲ್ ಉಮ್‌ಶಿಕ್’. ಇದರಲ್ಲಿ ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಜಾತಿಯ ಐದು ಘಾಟು ಪದಾರ್ಥಗಳೂ ನಿಷಿದ್ಧ. ಮನೆಯಲ್ಲಿ ಈರುಳ್ಳಿ ಬಿಟ್ಟವರು ಸೋಲ್‌ನಲ್ಲಿ ನಿಶ್ಚಿಂತೆಯಿಂದ ಉಣ್ಣಬಹುದಾದ ಜಾಗ ಇದು. ಇನ್‌ಸಾಡಾಂಗ್ ಬಳಿ ಜೊಗ್ಯೆಸಾ ದೇವಾಲಯದ ಎದುರು ಜೊಗ್ಯೆ ಬೌದ್ಧ ಪಂಥದವರೇ ನಡೆಸುವ ಬಾಲು ಗೊಂಗ್ಯಾಂಗ್ ಎಂಬ ಹೋಟೆಲು ಇದೆ, ದರ ಹೆಚ್ಚು, ಮುಂಗಡ ಕಾಯ್ದಿರಿಸಬೇಕು. ಅದಕ್ಕಿಂತ ನಾನು ಹೇಳುವುದು ‘ಟೆಂಪಲ್‌ಸ್ಟೇ’: 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬೆಟ್ಟದ ದೇವಾಲಯದಲ್ಲಿ ಒಂದು ರಾತ್ರಿ ತಂಗಿ ಅಲ್ಲಿಯ ಊಟವನ್ನೇ ಉಣ್ಣಬಹುದು. ಬಟ್ಟಲಲ್ಲಿ ಒಂದಗುಳೂ ಬಿಡುವಂತಿಲ್ಲ.

ಏನೂ ಸಿಗದ ಊರಿನಲ್ಲಿ ಪ್ಯೊನಿಜೊಮ್‌ಗೆ ಹೋಗಿ. ಮೈಕ್ರೊವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿಯಾಗುವ ಅನ್ನದ ಡಬ್ಬಿ ಅಲ್ಲೇ ಸಿಗುತ್ತದೆ, ಒಲೆಯೂ ಅಲ್ಲೇ ಇರುತ್ತದೆ. ಊರಿನ ಚಟ್ನಿಪುಡಿ ಜೇಬಿನಲ್ಲಿದ್ದರೆ ಊಟ ಮುಗಿಯಿತು. ಮೊಸರು ಕೊಳ್ಳುವಾಗ ಎಚ್ಚರ: ‘ಪ್ಲೇನ್’ ಎಂದು ಬರೆದದ್ದರಲ್ಲೂ ಸಕ್ಕರೆ ಇರುವುದುಂಟು, ‘ಮುಗಾದಾಂಗ್’ ಎಂಬ ಪದ ಹುಡುಕಿ, ಸಕ್ಕರೆ ಸೇರಿಸಿಲ್ಲ ಎಂದರ್ಥ. ಸಿಹಿ ಮೊಸರಿಗೆ ಒಗ್ಗರಣೆ ಹಾಕಿದ ನೋವು ನನಗೆ ಗೊತ್ತು. ತೊಗರಿಬೇಳೆ, ಸಾಸಿವೆ, ಹಿಂಗು ಸೋಲ್‌ನ ಇಟೆವಾನ್ ಮಸೀದಿಯ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತವೆ.

ಮೇಜಿನ ರೀತಿ ಸ್ವಲ್ಪ. ಚಮಚ, ಕಡ್ಡಿಗಳು ಎಲ್ಲಿ ಎಂದು ಹುಡುಕಬೇಡಿ, ಮೇಜಿನ ಪಕ್ಕದಲ್ಲಿ ಡ್ರಾಯರ್ ಇರುತ್ತದೆ. ಕರೆಯಲು ಗುಂಡಿ ಇಲ್ಲದಿದ್ದರೆ ‘ಯೊಗಿಯೊ’ ಎನ್ನಿ, ಒರಟಾಗುವುದಿಲ್ಲ. ಪರಿಚಯವಾದ ಮೇಲೆ ಹೋಟೆಲಿನ ಹಿರಿಯ ಹೆಂಗಸನ್ನು ‘ಇಮೊ’ ಎನ್ನಬಹುದು, ತಾಯಿಯ ಅಕ್ಕ ಅಥವಾ ತಂಗಿ ಎಂದರ್ಥ. ನಾವು ಚಿಕ್ಕಮ್ಮ ಎಂದಂತೆ. ಪಲ್ಯಗಳ ಸಣ್ಣ ಬಟ್ಟಲುಗಳು ಉಚಿತ, ಮತ್ತೆ ಕೇಳಬಹುದು. ಅನ್ನದಲ್ಲಿ ಚಮಚವನ್ನಾಗಲಿ ಕಡ್ಡಿಯನ್ನಾಗಲಿ ನೆಟ್ಟಗೆ ಚುಚ್ಚಬಾರದು, ಅದು ತಿಥಿಯ ಎಡೆಯ ರೀತಿ. ಹಿರಿಯರು ಚಮಚ ಎತ್ತಿದ ಮೇಲೆ ನೀವು ಎತ್ತಿ. ಕೊಡುವಾಗ, ಪಡೆಯುವಾಗ ಎರಡೂ ಕೈ, ಇಲ್ಲವೇ ಬಲಗೈ ಚಾಚಿ ಎಡಗೈಯಿಂದ ಮೊಣಕೈ ಆನಿಸಬೇಕು. ಬರೀ ಬಲಗೈಯಲ್ಲಿ ಕೊಡುವ ನಮ್ಮ ಮರ್ಯಾದೆ ಅಲ್ಲಿ ಅರ್ಧ ಮರ್ಯಾದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಹಣ ಕಟ್ಟುವುದು ಹೊರಡುವಾಗ ಬಾಗಿಲ ಬಳಿ.

ಹಣದ ಎಣಿಕೆ

ಸಾವಿರ ವಾನ್ ಎಂದರೆ ಅರವತ್ತು ರೂಪಾಯಿಯ ಆಸುಪಾಸು. ತಲೆ ತಿರುಗಿಸುವುದು ದರವಲ್ಲ, ಎಣಿಕೆ. ನಮಗೆ ಸಾವಿರದ ಮೇಲೆ ಲಕ್ಷ. ಅವರಿಗೆ ಹತ್ತು ಸಾವಿರದ ‘ಮಾನ್’. ಹತ್ತು ಮಾನ್ ಒಂದು ಲಕ್ಷ, ನೂರು ಮಾನ್ ಹತ್ತು ಲಕ್ಷ, ಸಾವಿರ ಮಾನ್ ಒಂದು ಕೋಟಿ. ಮನೆ ಬಾಡಿಗೆಯ ಫಲಕದಲ್ಲಿ 500/50 ಎಂದಿದ್ದರೆ ಮುಂಗಡ 500 ಮಾನ್, ತಿಂಗಳಿಗೆ 50 ಮಾನ್. ಅಂದರೆ 50 ಲಕ್ಷ ವಾನ್ ಮುಂಗಡ, 5 ಲಕ್ಷ ವಾನ್ ಬಾಡಿಗೆ. ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ಮುಂಗಡ, ಮೂವತ್ತು ಸಾವಿರ ಬಾಡಿಗೆ. ಲಕ್ಷಕ್ಕೆ ತಿರುಗಿಸಿ ಯೋಚಿಸುವ ಅಭ್ಯಾಸ ಮೊದಲ ವಾರವೇ ಮಾಡಿಕೊಳ್ಳಿ.

ಮೂರು ತಿಂಗಳಿಗಿಂತ ಹೆಚ್ಚು ಇರುವವರಿಗೆ

ತೊಂಬತ್ತು ದಿನ ಮೀರಿ ಇರುವವರು ಬಂದ ತೊಂಬತ್ತು ದಿನದೊಳಗೆ ವಿದೇಶಿಯರ ಗುರುತಿನ ಚೀಟಿಗೆ ನೋಂದಾಯಿಸಬೇಕು. ಅದಕ್ಕೆ ‘ಹೈಕೊರಿಯಾ’ ತಾಣದಲ್ಲಿ ದಿನ ಕಾಯ್ದಿರಿಸಬೇಕು, ಜಾಗ ಬೇಗ ತುಂಬುತ್ತದೆ; ತಲುಪಿದ ವಾರವೇ ಮಾಡಿ. ಈ ಚೀಟಿ ಇಲ್ಲದೆ ಸರಿಯಾದ ಬ್ಯಾಂಕ್ ಖಾತೆ ಇಲ್ಲ, ತಿಂಗಳ ಮೊಬೈಲ್ ಸಂಪರ್ಕ ಇಲ್ಲ. ಮೊಬೈಲ್ ಇಲ್ಲದೆ ಊಟ ತರಿಸುವ ಆ್ಯಪ್‌ನಿಂದ ಹಿಡಿದು ಯಾವುದೂ ಇಲ್ಲ.

ಇಲ್ಲಿ ದಕ್ಷಿಣ ಭಾರತದವರಿಗೆ ವಿಶೇಷ ಗಂಡಾಂತರವೊಂದಿದೆ: ನಮ್ಮ ಹೆಸರು. ಊರು, ತಂದೆ, ತನ್ನ ಹೆಸರು ಮೂರೂ ಸೇರಿ ಪಾಸ್‌ಪೋರ್ಟಿನಲ್ಲಿ ಮೂವತ್ತು ಅಕ್ಷರ, ಕೆಲವರಿಗೆ ಕುಲನಾಮದ ಜಾಗವೇ ಖಾಲಿ. ಕೊರಿಯದ ಹೆಸರು ಸಾಮಾನ್ಯವಾಗಿ ಮೂರು ಅಕ್ಷರದ್ದು, ಅವರ ಅರ್ಜಿಗಳ ಮನೆಗಳೂ ಅಷ್ಟೇ ಗಾತ್ರದವು. ನನ್ನ ಬ್ಯಾಂಕು ಹೆಸರಿನ ಬಾಲ ಕತ್ತರಿಸಿತು, ಮೊಬೈಲ್ ಅಂಗಡಿಯವರು ತಂದೆಯ ಹೆಸರನ್ನು ಮುಂದಕ್ಕೆ ತಂದರು. ಅಂತರ್ಜಾಲದಲ್ಲಿ ಏನು ಮಾಡಲು ಹೋದರೂ ‘ಬೊನಿನ್ ಇಂಜುಂಗ್’, ಇವನು ಇವನೇ ಹೌದೇ ಎಂಬ ಪರೀಕ್ಷೆ. ಮೂರೂ ಕಡೆ ಹೆಸರು ಅಕ್ಷರಶಃ ಒಂದೇ ಇರದ ಕಾರಣ ನಾನು ನಾನಲ್ಲ ಎಂದು ಆರು ತಿಂಗಳು ಸಾಬೀತಾಗುತ್ತಲೇ ಇತ್ತು. ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ, ನಡುವಿನ ಖಾಲಿ ಜಾಗವೂ ಸೇರಿದಂತೆ, ಎಲ್ಲ ಕಡೆ ಬರೆಸಿ. ಗುಮಾಸ್ತ ಬರೆದದ್ದನ್ನು ಪರದೆ ತಿರುಗಿಸಿ ತೋರಿಸುವಂತೆ ಕೇಳಿ.

ಮನೆ ಹಿಡಿಯುವಾಗ ಮುಂಗಡದ ಸುರಕ್ಷತೆ ಮುಖ್ಯ. ದಲ್ಲಾಳಿಯಿಂದ ‘ದುಂಗಿಬು’, ಅಂದರೆ ಆಸ್ತಿಯ ನೋಂದಣಿ ಪತ್ರ ತೆಗೆಸಿ, ಮಾಲೀಕನ ಹೆಸರು ಮತ್ತು ಮನೆಯ ಮೇಲಿನ ಸಾಲ ನೋಡಿ. ಮನೆ ಸೇರಿದ ಕೂಡಲೇ ವಿಳಾಸ ಬದಲಾವಣೆ ದಾಖಲಿಸಿ, ಕರಾರಿನ ಮೇಲೆ ‘ಹ್ವಾಕ್‌ಜಂಗ್ ಇಲ್ಜಾ’ ಎಂಬ ದಿನಾಂಕದ ಮುದ್ರೆ ಹಾಕಿಸಿ. ಮಾಲೀಕನ ಮನೆ ಹರಾಜಾದರೆ ನಿಮ್ಮ ಹಣದ ಸರದಿ ಈ ದಿನಾಂಕದ ಮೇಲೆಯೇ ನಿಲ್ಲುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೆ ಹೇಳಿಕೊಡಬೇಕಾಗಿಲ್ಲ.

ಕಸ

ರಸ್ತೆಯಲ್ಲಿ ಕಸದ ತೊಟ್ಟಿ ಕಾಣುವುದೇ ಅಪರೂಪ, ಆದರೂ ರಸ್ತೆ ಚೊಕ್ಕಟ. ಕಾರಣ 1995ರಿಂದ ಜಾರಿಯಲ್ಲಿರುವ ಪದ್ಧತಿ: ಕಸ ಎಷ್ಟೋ ಅಷ್ಟು ಹಣ. ಆ ಹಣ ಚೀಲದ ಬೆಲೆಯಲ್ಲೇ ಸೇರಿರುತ್ತದೆ. ಚೀಲವನ್ನು ನಿಮ್ಮದೇ ಊರಿನ ಪ್ಯೊನಿಜೊಮ್‌ನಲ್ಲಿ ಕೊಳ್ಳಬೇಕು, ಅದರ ಮೇಲೆ ಊರಿನ ಹೆಸರು ಅಚ್ಚಾಗಿರುತ್ತದೆ. ಪಕ್ಕದ ಊರಿನ ಚೀಲದಲ್ಲಿಟ್ಟ ನನ್ನ ಕಸ ಮೂರು ದಿನ ಅಲ್ಲೇ ಕುಳಿತು, ಮೇಲೊಂದು ಎಚ್ಚರಿಕೆಯ ಚೀಟಿ ಅಂಟಿಸಿಕೊಂಡಿತು.

ಅಡುಗೆಯ ಕಸ ಬೇರೆ. ಪ್ರಾಣಿ ತಿನ್ನುವಂಥದ್ದು ಮಾತ್ರ ಅದರಲ್ಲಿ ಹೋಗಬೇಕೆಂಬುದು ಸ್ಥೂಲ ನಿಯಮ. ಒಂದು ಭಾನುವಾರ ತೆಂಗಿನ ಚಿಪ್ಪನ್ನು ಆ ಡಬ್ಬಿಗೆ ಹಾಕಲು ಹೋದಾಗ ಕೆಳಮನೆಯ ಅಜ್ಜಿ ‘ಹಾಕ್ಸೆಂಗ್, ಹಾಕ್ಸೆಂಗ್!’ ಎನ್ನುತ್ತ ಓಡಿಬಂದರು. ವಿದ್ಯಾರ್ಥಿ ಎಂದು ಕರೆದದ್ದು, ನನಗಾಗ ಮೂವತ್ತನಾಲ್ಕು. ಚಿಪ್ಪನ್ನು ಕೈಗೆ ತೆಗೆದುಕೊಂಡು ಬಟ್ಟೆ ಒಣಹಾಕುವ ಕಂಬಕ್ಕೆ ಟಕಟಕ ಬಡಿದು, ಹಂದಿ ಇದನ್ನು ಅಗಿಯುತ್ತದೆಯೇ ಎಂಬಂತೆ ದವಡೆ ಆಡಿಸಿ ತೋರಿಸಿದರು. ನನಗೆ ಪೂರ್ತಿ ಅರ್ಥವಾಯಿತು. ಚಿಪ್ಪು, ಮೂಳೆ, ಮೊಟ್ಟೆಯ ಓಡು, ಮಾವಿನ ಗೊರಟೆ, ಈರುಳ್ಳಿ ಬೆಳ್ಳುಳ್ಳಿಯ ಸಿಪ್ಪೆ ಎಲ್ಲವೂ ಸಾಮಾನ್ಯ ಕಸದ ಚೀಲಕ್ಕೆ. ಪ್ಲಾಸ್ಟಿಕ್ ಬಾಟಲಿಯ ಹಾಳೆ ಸುಲಿದು ತೊಳೆದು ಬೇರೆ ಇಡಬೇಕು. ಯಾವ ದಿನ ಯಾವುದು ಎಂಬುದು ಬೀದಿಯಿಂದ ಬೀದಿಗೆ ಬೇರೆ, ಆ ಅಜ್ಜಿಯಂಥವರನ್ನೇ ಕೇಳಿ.

ಹುಷಾರು ತಪ್ಪಿದಾಗ

ಪೊಲೀಸರಿಗೆ 112, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119. ಪ್ರವಾಸಿಗರ ನೆರವಿಗೆ 1330, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ, ಹಗಲುರಾತ್ರಿ. ಚಾಲಕನಿಗೆ ದಾರಿ ವಿವರಿಸಲಾಗದೆ ಫೋನ್ ಅವನ ಕೈಗಿತ್ತು 1330ರವರಿಂದ ಹೇಳಿಸಿದ್ದೇನೆ. ವೀಸಾ, ವಾಸ್ತವ್ಯದ ಪ್ರಶ್ನೆಗೆ 1345.

ನೆಗಡಿ ಜ್ವರಕ್ಕೆ ದೊಡ್ಡ ಆಸ್ಪತ್ರೆಗೆ ಓಡಬೇಡಿ. ಕಟ್ಟಡದ ಎರಡನೆಯದೋ ಮೂರನೆಯದೋ ಮಹಡಿಯಲ್ಲಿ ಸಣ್ಣ ಚಿಕಿತ್ಸಾಲಯ, ಸಾಮಾನ್ಯವಾಗಿ ಅದರ ಕೆಳಗೇ ‘ಯಾಕ್ಗುಕ್’, ಔಷಧಿ ಅಂಗಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಮಾತ್ರೆಗಳನ್ನು ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಮಾಡಿ ಕೊಡುತ್ತಾರೆ. ಆರು ತಿಂಗಳು ಮೀರಿ ಇರುವವರಿಗೆ 2019ರ ಜುಲೈನಿಂದ ರಾಷ್ಟ್ರೀಯ ಆರೋಗ್ಯ ವಿಮೆ ಕಡ್ಡಾಯ, ಪ್ರವಾಸಿಗರು ಊರಿನಿಂದಲೇ ವಿಮೆ ಮಾಡಿಸಿ ಬರಬೇಕು. ಮಧ್ಯರಾತ್ರಿ ಎಲ್ಲರ ಮೊಬೈಲೂ ಒಟ್ಟಿಗೆ ಸೈರನ್ ಕೂಗಿದರೆ ಯುದ್ಧವೆಂದು ಹೌಹಾರಬೇಡಿ, ಬಹುಪಾಲು ಅದು ಹಿಮ, ಬಿಸಿಗಾಳಿ, ಭಾರಿ ಮಳೆಯ ಸರ್ಕಾರಿ ಸಂದೇಶ. ಓದಲು ಬಂದರೆ ಮತ್ತೆ ಮಲಗಬಹುದು.

ಹಿಂತಿರುಗುವ ದಿನ

ಅಂಗಡಿಗಳಲ್ಲಿ 15,000 ವಾನ್ ಅಥವಾ ಅದಕ್ಕಿಂತ ಹೆಚ್ಚಿಗೆ ಕೊಂಡಾಗ ಪ್ರವಾಸಿಗರಿಗೆ ತೆರಿಗೆ ವಾಪಸಾತಿ ಉಂಟು. ಪಾಸ್‌ಪೋರ್ಟ್ ಜೊತೆಗಿದ್ದರೆ ಎಷ್ಟೋ ಕಡೆ ಅಲ್ಲೇ ಕಡಿತ ಮಾಡುತ್ತಾರೆ. ಉಳಿದ ರಸೀದಿಗಳನ್ನು ವಿಮಾನ ನಿಲ್ದಾಣದ ಯಂತ್ರಕ್ಕೆ ತೋರಿಸಬೇಕು, ಅದೂ ಪೆಟ್ಟಿಗೆ ಒಪ್ಪಿಸುವ ಮೊದಲು. ಸಾಮಾನು ತೋರಿಸಿ ಎಂದು ಸುಂಕದವರು ಕೇಳಿದರೆ ಅದು ಕೈಯಲ್ಲಿರಬೇಕಲ್ಲ.

ಟಿ-ಮನಿಯಲ್ಲಿ ಉಳಿದ ಚಿಲ್ಲರೆಯನ್ನು ಪ್ಯೊನಿಜೊಮ್‌ನಲ್ಲಿ 500 ವಾನ್ ಕಳೆದು ಹಿಂದಕ್ಕೆ ಕೊಡುತ್ತಾರೆ. ನಾನು ಪಡೆಯಲಿಲ್ಲ. ಆ ಕಾರ್ಡ್ ಇನ್ನೂ ನನ್ನ ಪರ್ಸಿನಲ್ಲಿ, ಬೆಂಗಳೂರು ಮೆಟ್ರೊದ ಕಾರ್ಡಿನ ಹಿಂದೆ ಇದೆ. ತಿಂಗಳಿಗೊಮ್ಮೆಯಾದರೂ ಮೆಜೆಸ್ಟಿಕ್‌ನ ಗೇಟಿಗೆ ಅದನ್ನೇ ಮುಟ್ಟಿಸಿ ಹಿಂದೆ ನಿಂತವರಿಂದ ಬೈಸಿಕೊಳ್ಳುತ್ತೇನೆ.